ಎರಡು ರೂಪಾಯಿಯ ಸಲಾಂ

ನಮ್ಮ ಕಡೆ ಗಂಡಸರು ಹಣ ಕೊಡುವುದನ್ನು ಯಾರೂ ನೋಡಿದವರಿಲ್ಲ. ಕೊಡುವುದಿಲ್ಲವೆಂದಲ್ಲ. ಮದುವೆಯ ಚಪ್ಪರದಲ್ಲಿ, ಕಾಯಿಲೆ ಬಿದ್ದವರ ಮಂಚದ ಬಳಿ, ಹಜ್ಜಿಗೆ ಹೊರಟವರ ಅಂಗಳದಲ್ಲಿ ಒಬ್ಬರು ಇನ್ನೊಬ್ಬರ ಕೈ ಹಿಡಿದು ಸಲಾಂ ಹೇಳುತ್ತಾರೆ. ಕೈ ಬಿಡುವಷ್ಟರಲ್ಲಿ ಮಡಚಿದ ನೋಟೊಂದು ಈ ಅಂಗೈಯಿಂದ ಆ ಅಂಗೈಗೆ ದಾಟಿರುತ್ತದೆ. ಕೊಟ್ಟವರು ಎಷ್ಟೆಂದು ಹೇಳಬಾರದು. ತೆಗೆದುಕೊಂಡವರು ನೋಡಬಾರದು, ಹಾಗೆಯೇ ಜೇಬಿಗಿಳಿಸಿ ಮುಂದಿನವರ ಕೈ ಹಿಡಿಯಬೇಕು. ಮನೆಗೆ ಹೋಗಿ ಬಿಚ್ಚುವಾಗ ಎಲ್ಲ ನೋಟುಗಳೂ ಬೆರೆತು ಯಾರದ್ದು ಯಾವುದೆಂದು ತಿಳಿಯದಂತಾಗಿರುತ್ತದೆ. ಬಹಳ ಮರ್ಯಾದೆಯ ಪದ್ಧತಿ.

ಈ ವಿದ್ಯೆಯಲ್ಲಿ ವಿಟ್ಲದ ಸುತ್ತಮುತ್ತ ನಮ್ಮ ನೆರೆಮನೆಯ ಅಬ್ದುಲ್ ರಹಿಮಾನ್ ಅವರನ್ನು ಮೀರಿಸಿದವರಿರಲಿಲ್ಲ. ನಾವೆಲ್ಲ ಅವರನ್ನು ರಹಿಮಾನಾಕ ಎನ್ನುತ್ತಿದ್ದೆವು. ಪೇಟೆಯಲ್ಲಿ ಅವರದೊಂದು ಚಪ್ಪಲಿ ಮತ್ತು ಕೊಡೆಯ ಅಂಗಡಿ ಇತ್ತು. ಮಳೆ ಬಂದರೆ ಕೊಡೆ ಹೋಗುತ್ತಿತ್ತು, ಚಪ್ಪಲಿ ಹೋಗುತ್ತಿರಲಿಲ್ಲ. ಬಿಸಿಲಿದ್ದರೆ ಚಪ್ಪಲಿ ಹೋಗುತ್ತಿತ್ತು, ಕೊಡೆ ಹೋಗುತ್ತಿರಲಿಲ್ಲ. ಹೀಗಾಗಿ ವರ್ಷವಿಡೀ ಅರ್ಧ ಅಂಗಡಿಯ ಸಂಪಾದನೆ. ಆದರೆ ಯಾರ ಮನೆಯಲ್ಲಿ ಏನಾದರೂ ಮೊದಲು ಹೋಗಿ ನಿಲ್ಲುವವರು ಅವರು. ಎದುರಿನವರ ಕೈಯನ್ನು ತಮ್ಮ ಎರಡೂ ಕೈಗಳಿಂದ ಮುಚ್ಚಿ, ಮುಖವನ್ನು ಅಂಗಳದ ಹಲಸಿನ ಮರದ ಕಡೆಗೆ ತಿರುಗಿಸಿ, ಎದುರಿನವರು ಏನಾದರೂ ಹೇಳುವ ಮೊದಲೇ ಮೆಲ್ಲಗೆ "ಇರಲಿ, ಇರಲಿ" ಎನ್ನುತ್ತಿದ್ದರು. ಆ "ಇರಲಿ" ಕೇಳಿದವರು ಇಪ್ಪತ್ತಕ್ಕಿಂತ ಕಡಿಮೆ ಇರಬಹುದೆಂದು ಎಣಿಸುವಂತೆಯೇ ಇರಲಿಲ್ಲ. ಧಾರಾಳಿ ರಹಿಮಾನ್ ಎಂದೇ ಹೆಸರಾಯಿತು.

ಅದು ಎರಡು ರೂಪಾಯಿ ಎಂದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿಲ್ಲವೆಂದು ನಾವಿಬ್ಬರೂ ನಂಬಿದ್ದೆವು.

ನನಗೆ ಗೊತ್ತಾಗಲು ಕಾರಣ, ಮಡಚುತ್ತಿದ್ದವಳು ನಾನೇ. ಏಳನೆಯ ತರಗತಿಗೆ ಶಾಲೆ ಬಿಟ್ಟಂದಿನಿಂದ ನಮ್ಮ ಮನೆಯ ಕಿಟಕಿಯ ಬಳಿ ಕುಳಿತು ಬೀಡಿ ಕಟ್ಟುತ್ತೇನೆ. ಎಲೆಯನ್ನು ಬಿಗಿಯಾಗಿ ಸುರುಳಿ ಮಾಡಿ, ತಲೆಯನ್ನು ಉಗುರಿನಿಂದ ಒಳಕ್ಕೆ ಮಡಚಿದರೆ ಮತ್ತೆ ಬಿಚ್ಚಿಕೊಳ್ಳಬಾರದು. ಅದೇ ಕ್ರಮದಲ್ಲಿ ನೋಟನ್ನು ಮಡಚಿ ಮೂಲೆಯನ್ನು ಒಳಗೆ ತುರುಕಿದರೆ ಹೊರಗೆ ಕಾಣುವುದು ಕೆಂಪು ಬಣ್ಣದ ಒಂದು ಅಂಚು ಮಾತ್ರ. ಎರಡರ ನೋಟೂ ಇಪ್ಪತ್ತರ ನೋಟೂ ಅಕ್ಕತಂಗಿಯರ ಹಾಗೆ, ಎರಡೂ ಕೆಂಪು. ಪ್ರತಿ ಗುರುವಾರ ರಹಿಮಾನಾಕ ಐದಾರು ನೋಟು ತಂದು ಆ ಕಿಟಕಿಯಲ್ಲಿ ಇಡುತ್ತಿದ್ದರು. ನಾನು ಮಡಚಿ ಇಡುತ್ತಿದ್ದೆ. ಮಾತೇ ಇಲ್ಲದ ಈ ವ್ಯಾಪಾರ ಏಳು ವರ್ಷ ನಡೆಯಿತು.

ಆಗ ಸರ್ಕಾರದವರು ಎರಡರ ನೋಟು ಅಚ್ಚು ಹಾಕುವುದನ್ನು ನಿಲ್ಲಿಸಿದರು.

ಮೊದಲು ಯಾರಿಗೂ ತಿಳಿಯಲಿಲ್ಲ. ಇದ್ದ ನೋಟುಗಳು ಹರಿದವು, ಅಂಟಿಸಿದೆವು, ಅಂಟಿಸಿದಲ್ಲಿಯೇ ಮತ್ತೆ ಹರಿದವು. ಒಂದು ದಿನ ನಾನು ಬ್ಯಾಂಕಿನಲ್ಲಿ ಪಾಸ್‌ಬುಕ್ಕು ಹಿಡಿದು ನಿಂತಿದ್ದಾಗ ರಹಿಮಾನಾಕ ಕೌಂಟರಿಗೆ ಬಂದರು. ಒಳಗೆ ಕ್ಯಾಷಿಯರ್ ರವಿರಾಜರಿದ್ದರು. ಮೂಡುಬಿದಿರೆಯ ಜೈನರು, ಒಂದು ಮಾತು ಆಡಲು ಒಂದು ನಿಮಿಷ ತೆಗೆದುಕೊಳ್ಳುವವರು.

"ಎರಡರ ಹೊಸ ಕಟ್ಟು ಒಂದು ಬೇಕಿತ್ತು."

"ನೋಟು ಬರುವುದಿಲ್ಲ ರಹಿಮಾನ್‌ರೇ. ನಾಣ್ಯ ಉಂಟು. ಹೊಳೆಯುವಂಥದ್ದು ಉಂಟು."

"ಹೊಳೆಯುವುದು ಬೇಡ. ನೋಟು ಕೊಡಿ, ಹಳತಾದರೂ ಆದೀತು."

"ನೋಡಿ, ನೋಟು ಒಂದು ವರ್ಷ ಬಾಳುವುದಿಲ್ಲ. ನಾಣ್ಯ ಇಪ್ಪತ್ತು ವರ್ಷ ಬಾಳುತ್ತದೆ. ದೇಶಕ್ಕೆ ಲಾಭ."

"ನನಗೆ ಇಪ್ಪತ್ತು ವರ್ಷ ಬೇಡ ಸ್ವಾಮೀ. ಒಂದು ಸಲಾಂನಷ್ಟು ಹೊತ್ತು ಬಾಳಿದರೆ ಸಾಕು."

ರವಿರಾಜರಿಗೆ ಅರ್ಥವಾಗಲಿಲ್ಲ. ಆದರೆ ಇಂಥವರು ಅವರಿಗೆ ಹೊಸಬರೂ ಅಲ್ಲ. ಆ ತಿಂಗಳು ಬ್ಯಾಂಕಿಗೆ ಬಂದ ನಾಣ್ಯದ ಚೀಲ ಬಾಗಿಲ ಬಳಿ ಹಾಗೆಯೇ ಕುಳಿತಿತ್ತು. ಗಾಳಿಗೆ ಬಾಗಿಲು ಮುಚ್ಚದಂತೆ ತಡೆಯಲು ಬಹಳ ಅನುಕೂಲವಾಗಿತ್ತು. ಯಾರನ್ನು ಕೇಳಿದರೂ ಒಂದೊಂದು ಕಾರಣ. ನಾಣ್ಯದಿಂದ ಜೇಬು ಹರಿಯುತ್ತದೆ. ಲುಂಗಿಯ ಮಡಿಕೆಯಿಂದ ಜಾರುತ್ತದೆ. ಕಂಡಕ್ಟರು ಬೈಯುತ್ತಾನೆ. ಎರಡು ರೂಪಾಯಿ ನಾಣ್ಯವಾದರೆ ಅದಕ್ಕೆ ನಾಲ್ಕಾಣೆಯ ಬೆಲೆಯೂ ಇರುವುದಿಲ್ಲ. ಸಲಾಂ ಹೇಳಲು ಆಗುವುದಿಲ್ಲವೆಂದು ಮಾತ್ರ ಯಾರೂ ಹೇಳಲಿಲ್ಲ.

ರವಿರಾಜರು ಪಾಪ ಒಂದು ಉಪಕಾರ ಮಾಡಿದರು. ಮೂಡುಬಿದಿರೆಯಲ್ಲಿ ತಮ್ಮ ಅತ್ತೆ ವಸಂತಿಯಮ್ಮನವರ ಕಪಾಟಿನಲ್ಲಿ ಸೀರೆಗಳ ನಡುವೆ ಎರಡರ ನೋಟುಗಳಿವೆಯೆಂದು ಹೇಳಿದರು. ರಹಿಮಾನಾಕ ಅಂಗಡಿ ಮುಚ್ಚಿ ಮೂರು ಬಸ್ಸು ಹತ್ತಿದರು. ವಸಂತಿಯಮ್ಮ ಮಜ್ಜಿಗೆ ಕೊಟ್ಟರು, ಕುಶಲ ಕೇಳಿದರು, ನೋಟಿನ ಮಾತು ಬಂದಾಗ ಕಪಾಟಿನ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಅದು ಎಳೆಯ ಮಕ್ಕಳನ್ನು ನೋಡಲು ಹೋಗುವಾಗ ಮುಷ್ಟಿಯಲ್ಲಿ ಇಡಲಿಕ್ಕೆ ಇಟ್ಟುಕೊಂಡದ್ದು. ನಾಣ್ಯ ಕೊಟ್ಟರೆ ಬಾಯಿಗೆ ಹಾಕುತ್ತವೆ."

"ನಮ್ಮ ಊರಿನಲ್ಲಿ ದೊಡ್ಡವರದ್ದೂ ಅದೇ ಕಷ್ಟ ಅಮ್ಮಾ," ಎಂದರಂತೆ ರಹಿಮಾನಾಕ.

ಕೊನೆಗೆ ಏಳು ನೋಟು ಸಿಕ್ಕಿತು. ಬಸ್ಸಿಗೆ ಇಪ್ಪತ್ತಾರು ರೂಪಾಯಿ ಖರ್ಚಾಗಿತ್ತು. ಮುಂದಿನ ವಾರ ಬೆಳ್ತಂಗಡಿಯ ಹೋಟೆಲೊಂದರಲ್ಲಿ ಚಿಲ್ಲರೆಯಾಗಿ ಸಿಗುವ ಮೂರು ನೋಟುಗಳಿಗಾಗಿ ಬೇಡದ ದೋಸೆ ತಿಂದು ಬಂದರು. ಎರಡು ರೂಪಾಯಿ ಕೊಡಲು ಐದು ರೂಪಾಯಿ ಖರ್ಚು ಮಾಡುವ ಮನುಷ್ಯನನ್ನು ಧಾರಾಳಿ ಎಂದು ಕರೆಯುವುದರಲ್ಲಿ ಈಗ ತಪ್ಪೇನೂ ಇರಲಿಲ್ಲ.

ಇಷ್ಟೆಲ್ಲ ಪಾಡು ಪಡಲು ಒಂದು ಕಾರಣವಿತ್ತು. ಅವರ ಮಗಳು ಫಾಯಿಝಾ ಕಿಟಕಿಯ ಬಳಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಆ ಕಿಟಕಿಯ ಮುಂದಿನ ರಸ್ತೆಯಲ್ಲಿ ದಿನಕ್ಕೆ ನಾಲ್ಕು ಸಲ ಒಂದು ಬೈಕು ಹೋಗುತ್ತಿತ್ತು. ಬೈಕಿನ ಮೇಲೆ ಮುಝಮ್ಮಿಲ್, ಅರಬರ ನಾಡಿನ ದಮಾಮಿನಲ್ಲಿ ಅಂಗಡಿ ಇಟ್ಟಿರುವ ಅಬ್ದುಲ್ ಸಲಾಂ ಅವರ ಮಗ. ಬೈಕಿನ ಸದ್ದು ಕೇಳಿದಾಗಲೆಲ್ಲ ಹೊಲಿಗೆ ಯಂತ್ರದ ಸದ್ದು ನಿಲ್ಲುತ್ತಿತ್ತು. ಅಬ್ದುಲ್ ಸಲಾಂ ರಜೆಯಲ್ಲಿ ಊರಿಗೆ ಬಂದವರು ನಾಲ್ಕು ಜನರ ಮುಂದೆ ಹೇಳಿದ್ದರು: "ಮಗಳು ಜಸ್ನಾಳ ಮದುವೆ ಮುಗಿಯಲಿ, ಆಮೇಲೆ ಮಗನದ್ದು. ನನಗೆ ಹೆಣ್ಣಿನ ಕಡೆಯಿಂದ ಒಂದು ಪೈಸೆ ಬೇಡ. ಕೈ ಬಿಚ್ಚಿ ಕೊಡುವ ಮನೆಯ ಹುಡುಗಿ ಬೇಕು. ರಹಿಮಾನ್‌ನಂಥವರ ಮನೆಯದ್ದು."

"ಉಪ್ಪ ಏನಾದರೂ ಮಾಡಿ ಹಾಳು ಮಾಡದಿದ್ದರೆ ಸಾಕು," ಎಂದಳು ಫಾಯಿಝಾ ತಂದೆಯ ಬಗ್ಗೆ ನನ್ನ ಹತ್ತಿರ.

ಜಸ್ನಾಳ ಮದುವೆಗೆ ವಾರವಿರುವಾಗ ನಮ್ಮಲ್ಲಿ ಉಳಿದದ್ದು ಒಂದೇ ನೋಟು. ಅದೂ ಮೂರು ಬೇರೆ ಬೇರೆ ನೋಟುಗಳ ಚೂರುಗಳನ್ನು ನಾನು ಮೈದಾ ಅಂಟಿನಲ್ಲಿ ಸೇರಿಸಿದ್ದು. ನಂಬಿಕೆ ಸಾಲದೆ ರಹಿಮಾನಾಕ ನಾಣ್ಯದ ಅಭ್ಯಾಸಕ್ಕೆ ತೊಡಗಿದರು. ತೆಂಗಿನಕಾಯಿ ಕೀಳಲು ಬಂದ ತುಕ್ರಪ್ಪನನ್ನು ಮನೆಯ ಹಿಂದೆ ನಿಲ್ಲಿಸಿಕೊಂಡರು.

"ನೀನು ಈಗ ಅಬ್ದುಲ್ ಸಲಾಂ."

"ಆಯಿತು. ಕೂರುವುದಾ, ನಿಲ್ಲುವುದಾ?"

"ನಿಲ್ಲು. ಸ್ವಲ್ಪ ಖುಷಿಯಲ್ಲಿರು. ಮಗಳ ಮದುವೆ."

ತುಕ್ರಪ್ಪ ಖುಷಿಯ ಮುಖ ಮಾಡಿದ. ರಹಿಮಾನಾಕ ಎರಡೂ ಕೈಯಿಂದ ಅವನ ಕೈ ಮುಚ್ಚಿ ಬಾಳೆಗಿಡದ ಕಡೆ ನೋಡುತ್ತ "ಇರಲಿ, ಇರಲಿ" ಎಂದರು.

"ಎರಡು ರೂಪಾಯಿ," ಎಂದ ತುಕ್ರಪ್ಪ.

"ನೋಡಿದೆಯಾ?"

"ನೋಡಲಿಕ್ಕೇನುಂಟು? ಹನ್ನೊಂದು ಮೂಲೆ ಕುತ್ತುತ್ತದಲ್ಲ."

ಐದರ ನಾಣ್ಯ ಕೊಟ್ಟರು. "ಐದು. ಬೋಲ್ಟಿನ ಹಾಗೆ ದಪ್ಪ ಉಂಟು." ಬೀಡಿ ಎಲೆಯಲ್ಲಿ ಸುತ್ತಿ ಕೊಟ್ಟರು. "ಎಲೆಯೊಳಗೆ ಎರಡು." ಕಣ್ಣು ಮುಚ್ಚಲು ಹೇಳಿ ಎರಡರದ್ದನ್ನೇ ಮತ್ತೆ ಐದು ಸಲ ಕೊಟ್ಟರು. ಕಣ್ಣು ಮುಚ್ಚಿದ ಮೇಲೆ ತುಕ್ರಪ್ಪ ಇನ್ನೂ ಬೇಗ ಹೇಳಿದ.

"ಕುರುಡರಿಗೂ ತಿಳಿಯಲಿ ಅಂತ ಸರ್ಕಾರ ಮೂಲೆ ಇಟ್ಟಿದೆ," ಎಂದು ರಹಿಮಾನಾಕ ಕಟ್ಟೆಯ ಮೇಲೆ ಕುಳಿತರು. "ಕಣ್ಣಿದ್ದವರಿಗೂ ತಿಳಿಯದ್ದು ಒಂದು ಮಾಡಬಾರದಾ? ಕೊಡು ಇತ್ತ ಅದನ್ನೆಲ್ಲ."

"ಯಾವುದನ್ನು?"

"ನಾಣ್ಯ ಮಾರಾಯ. ಇದು ಅಭ್ಯಾಸಕ್ಕೆ ಮಾಡಿದ್ದು."

"ಸಲಾಂ ಮಾಡಿ ಕೊಟ್ಟದ್ದನ್ನು ವಾಪಸು ಕೇಳುವ ಕ್ರಮ ನಿಮ್ಮಲ್ಲಿ ಉಂಟಾ ರಹಿಮಾನಣ್ಣ?"

ಇರಲಿಲ್ಲ. ತುಕ್ರಪ್ಪ ಹತ್ತೊಂಬತ್ತು ರೂಪಾಯಿ ಸೊಂಟಕ್ಕೆ ಸಿಕ್ಕಿಸಿ, "ನಾಳೆಯೂ ಬರುವುದಾ?" ಎಂದು ಕೇಳಿ ಹೋದ.

ಮದುವೆಯ ದಿನ ಬೆಳಿಗ್ಗೆ ನಾನು ಕೊನೆಯ ನೋಟನ್ನು ಮಡಚಿದೆ. ಅದರಲ್ಲಿ ಕಾಗದಕ್ಕಿಂತ ಅಂಟೇ ಹೆಚ್ಚಿದ್ದುದರಿಂದ ಮಡಿಕೆ ನಿಲ್ಲುತ್ತಿರಲಿಲ್ಲ. "ಮುಷ್ಟಿ ಬಿಚ್ಚಬೇಡಿ," ಎಂದು ಕಿಟಕಿಯಿಂದ ಹೇಳಿದೆ. ಏಳು ವರ್ಷಗಳಲ್ಲಿ ನಾನು ಅವರಿಗೆ ಕೊಟ್ಟ ಮೊದಲ ಸಲಹೆ ಅದು. ಕೊಡದಿದ್ದರೆ ಒಳ್ಳೆಯದಿತ್ತು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಒಂದು ಮೈಲು ದೂರ ಮುಷ್ಟಿ ಬಿಗಿಹಿಡಿದು ನಡೆದ ರಹಿಮಾನಾಕ ಚಪ್ಪರದ ಸಾಲಿನಲ್ಲಿ ನಿಂತು ಕೈ ಬಿಚ್ಚಿದಾಗ ಒಳಗಿದ್ದದ್ದು ಗುಲಾಬಿ ಬಣ್ಣದ ಮೈದಾ ಮುದ್ದೆ.

ಹೆಂಗಸರ ಕಡೆಯ ಪರದೆಯ ಸಂದಿಯಿಂದ ನನಗೆ ಎಲ್ಲ ಕಾಣುತ್ತಿತ್ತು. ಅವರ ಮುಂದೆ ಮೂರು ಜನ, ಹಿಂದೆ ಮೂವತ್ತು. ಕೈಯನ್ನು ಲುಂಗಿಗೆ ಒರೆಸಿಕೊಂಡರು, ಜೇಬಿಗೆ ಹಾಕಿದರು. ಜೇಬಿನಲ್ಲಿದ್ದದ್ದು ಬಿಚ್ಚಿದ ಐವತ್ತರ ಒಂದು ನೋಟು, ಮತ್ತು ಎರಡು ರೂಪಾಯಿಯ ಒಂದು ನಾಣ್ಯ. ಹನ್ನೊಂದು ಮೂಲೆಗಳನ್ನೂ ಅಂಗೈಯಲ್ಲಿ ಒತ್ತಿಹಿಡಿದು ಅವರು ಮುಂದೆ ಹೋದರು.

ಅಬ್ದುಲ್ ಸಲಾಂ ಸಾಮಾನ್ಯವಾಗಿ ಕೈ ಹಿಡಿದು ಬಿಟ್ಟಿದ್ದರೆ ಹೇಗೋ ಆಗುತ್ತಿತ್ತು. ಆದರೆ ಬೀಗರಾಗಲಿರುವವರನ್ನು ಕಂಡ ಪ್ರೀತಿಯಲ್ಲಿ ಅವರು ಅರಬರ ಕ್ರಮದಂತೆ ತಬ್ಬಿಕೊಂಡರು. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಮತ್ತೆ ಎಡಕ್ಕೊಮ್ಮೆ. ಮೂರನೆಯದಕ್ಕೆ ನಾಣ್ಯ ಕೈ ಜಾರಿತು. ದುಂಡಗಿದ್ದರೆ ಸದ್ದಿಲ್ಲದೆ ಉರುಳಿ ಹೋಗುತ್ತಿತ್ತೋ ಏನೋ. ಅದು ಒಂದೊಂದೇ ಮೂಲೆಯ ಮೇಲೆ ಟಕ್ಕು ಟಕ್ಕೆಂದು ನಡೆದು, ಕುರ್ಚಿಗಳ ಕೆಳಗಿನಿಂದ ಹಾದು, ಮೈಕಿನ ಕಂಬದ ಬಳಿ ನಾಲ್ಕು ಸುತ್ತು ತಿರುಗಿ ಮಲಗಿತು.

ಮೈಕಿನವನು ಅನ್ಸಾಫ್. ಅವನಿಗೆ ಬೆಳಗಿನಿಂದ ಹೇಳಲು ಏನೂ ಸಿಕ್ಕಿರಲಿಲ್ಲ.

"ಯಾರದ್ದೋ ಎರಡು ರೂಪಾಯಿ ಬಿದ್ದಿದೆ," ಎಂದು ಮೈಕಿನಲ್ಲಿ ಹೇಳಿದ. "ಎರಡು ರೂಪಾಯಿಯ ನಾಣ್ಯ. ವಾರಸುದಾರರು ಗುರುತು ಹೇಳಿ ತೆಗೆದುಕೊಂಡು ಹೋಗಬೇಕಾಗಿ ವಿನಂತಿ."

ಯಾರೂ ಮುಂದೆ ಬರಲಿಲ್ಲ. ಅನ್ಸಾಫ್ ಇನ್ನೊಮ್ಮೆ ಹೇಳಿದ. ರಸ್ತೆಯಲ್ಲಿ ಪುತ್ತೂರಿನ ಬಸ್ಸಿಗೆ ಕಾಯುತ್ತಿದ್ದವರೂ ತಮ್ಮ ಜೇಬು ಮುಟ್ಟಿ ನೋಡಿಕೊಂಡರು. ಕೊನೆಯ ಸಾಲಿನಲ್ಲಿ ಕುಳಿತಿದ್ದ ತುಕ್ರಪ್ಪ ಮಾತ್ರ ಕಣ್ಣು ಮುಚ್ಚಿಕೊಂಡು, ಖುಷಿಯ ಮುಖ ಮಾಡಿ, ರಹಿಮಾನಾಕನ ಕಡೆಗೆ ತಿರುಗಿದ್ದ.

ಆ ಮುಖ ನೋಡಿ ರಹಿಮಾನಾಕನಿಗೆ ಏನಾಯಿತೋ, ಸರಕ್ಕನೆ ಐವತ್ತರ ನೋಟು ಹೊರತೆಗೆದರು. ಮಡಚಲು ಸಮಯವಿರಲಿಲ್ಲ. ಧ್ವಜ ಹಿಡಿದಂತೆ ಹಿಡಿದು ಎಲ್ಲರ ಕಣ್ಣೆದುರಿಗೆ ಅಬ್ದುಲ್ ಸಲಾಂ ಅವರ ಕೈಯಲ್ಲಿಟ್ಟರು.

ಹಿಂದೆ ನಿಂತಿದ್ದ ಮೂವತ್ತು ಜನರ ಕಣ್ಣೂ ಆ ನೋಟಿನ ಮೇಲೆ ಬಿತ್ತು, ಆಮೇಲೆ ತಮ್ಮ ತಮ್ಮ ಮುಷ್ಟಿಯ ಮೇಲೆ ಬಿತ್ತು. ಅವರಲ್ಲಿ ಅರ್ಧದಷ್ಟು ಜನರಿಗೆ ಕೈ ತೊಳೆಯುವ ನೆನಪಾಯಿತು. ಇಬ್ಬರಿಗೆ ಅಂಗಡಿ ಮುಚ್ಚದೆ ಬಂದದ್ದು ನೆನಪಾಯಿತು. ಮಗಳ ಮದುವೆಯ ಸಂಭ್ರಮದಲ್ಲಿ ಕೈ ಚಾಚಿ ನಿಂತಿದ್ದ ಅಬ್ದುಲ್ ಸಲಾಂ ಅವರ ಮುಂದೆ ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅನ್ಸಾಫ್ ನಾಲ್ಕು ಜನರನ್ನು ಕಟ್ಟಿಕೊಂಡು ರಹಿಮಾನಾಕನ ಜಗಲಿಗೆ ಬಂದ.

"ನೀವು ಮಾಡಿದ್ದು ಸರಿಯಲ್ಲ. ಐವತ್ತು ಕೊಡುವವರು ಮಡಚಿ ಕೊಡಬೇಕು. ಹೀಗೆ ತೋರಿಸಿ ಕೊಟ್ಟರೆ ನಾವು ಇನ್ನು ಮದುವೆಗೆ ಹೋಗುವುದು ಹೇಗೆ?"

"ಬೇರೆ ಎಲ್ಲಿಯಾದರೂ ಕೇಳಿದರೆ, ಅದು ಐವತ್ತಲ್ಲ, ಹಾಗೆ ಕಂಡದ್ದು ಅಂತ ಹೇಳಿಬಿಡಿ," ಎಂದರು ಇನ್ನೊಬ್ಬರು.

ರಹಿಮಾನಾಕ ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಇಷ್ಟು ಜನ ತನ್ನ ಧಾರಾಳತನದ ಬಗ್ಗೆ ದೂರು ಹೇಳುವುದನ್ನು ಅವರು ಹಿಂದೆಂದೂ ಕೇಳಿರಲಿಲ್ಲ. ಎದೆ ಸ್ವಲ್ಪ ಉಬ್ಬಿತು.

"ನಾನು ಯಾವಾಗಲೂ ಅಷ್ಟೇ ಕೊಡುವುದು. ನಿನ್ನೆ ನೀವು ನೋಡಿದಿರಿ, ಅಷ್ಟೇ."

"ಯಾವಾಗಲೂ?" ಎಂದ ಅನ್ಸಾಫ್. "ನನ್ನ ಉಪ್ಪ ಬಿದ್ದು ಮಂಚ ಹಿಡಿದಾಗ ಕೊಟ್ಟದ್ದೂ ಐವತ್ತಾ?"

"ಮತ್ತೆಷ್ಟು?"

ಅನ್ಸಾಫ್ ಬೆರಳು ಮಡಚಿ ನೆನಪು ಮಾಡಿಕೊಂಡ. "ಆಗ ಬಂದ ನೋಟೆಲ್ಲ ಬಿಚ್ಚಿದವಳು ಉಮ್ಮ. ಒಂದು ಐವತ್ತರ ಮುಖ ಸಹ ನೋಡಲಿಲ್ಲ ಅಂದಿದ್ದಳು. ಕೇಳಿ ನೋಡುತ್ತೇನೆ," ಎಂದು ಎದ್ದುಹೋದ.

ರಹಿಮಾನಾಕ ನನ್ನ ಕಿಟಕಿಯ ಕಡೆ ನೋಡಿದರು. ನಾನು ಬೀಡಿ ಎಲೆಯ ಕಡೆ ನೋಡಿದೆ. ಮಧ್ಯಾಹ್ನಕ್ಕೆ ಸುದ್ದಿ ಬಂತು: ಅಬ್ದುಲ್ ಸಲಾಂ ಅವರ ತಾಯಿ ಬೀಪಾತುಮ್ಮ ಸಂಜೆಯ ಚಹಾಕ್ಕೆ ಬರುತ್ತಾರೆ, ಒಬ್ಬರೇ. ಮದುವೆಯ ಮಾತಿಗೆ ಬರುವುದಾದರೆ ನಾಲ್ಕು ಹೆಂಗಸರು ಬರುವುದು ಕ್ರಮ. ಒಬ್ಬರೇ ಬರುವುದು ಬೇಡವೆಂದು ಹೇಳಲು. ಫಾಯಿಝಾ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿದಳು.

ಬೀಪಾತುಮ್ಮ ಎಪ್ಪತ್ತು ವರ್ಷದ ಸಣಕಲು ಮುದುಕಿ. ಬೆಂಚಿನ ಮೇಲೆ ಕುಳಿತು ಮೊದಲು ಸೆಕೆಯ ಬಗ್ಗೆ ಮಾತನಾಡಿದರು. ಆಮೇಲೆ ಮಡಿಲಿನಿಂದ ಐವತ್ತರ ನೋಟು ತೆಗೆದರು.

"ಇದು ಕೊಟ್ಟದ್ದು ನೀನಾ?"

"ಹೌದು ಉಮ್ಮಾ. ಏನೋ, ಜಸ್ನಾಳ ಮದುವೆ ಅಂತ."

"ಯಾಕೆ ಕೊಟ್ಟೆ?"

ಕೊಟ್ಟದ್ದಕ್ಕೆ ಕಾರಣ ಕೇಳಿದವರು ಇವರೇ ಮೊದಲು. ರಹಿಮಾನಾಕ ಹಲಸಿನ ಮರದ ಕಡೆ ನೋಡಿದರು. ಬೀಪಾತುಮ್ಮ ಮಡಿಲಿನಿಂದ ಇನ್ನೊಂದು ತೆಗೆದು ಬೆಂಚಿನ ಮೇಲಿಟ್ಟರು. ಬಿಗಿಯಾಗಿ ಮಡಚಿದ ಕೆಂಪು ನೋಟು, ನನ್ನ ಬೆರಳಿನದ್ದು.

"ಆ ಕಿಟಕಿಯ ಹುಡುಗಿಯನ್ನು ಕರೆ," ಎಂದರು.

ನಾನು ಬಂದು ಕಂಬದ ಮರೆಯಲ್ಲಿ ನಿಂತೆ.

"ಎಲ್ಲರೂ ಬೀಡಿಯ ತಲೆ ಮಡಚುವುದು ಬಲದಿಂದ. ನಿನ್ನದು ಎಡದಿಂದ. ನೀನು ಎಡಚಿಯಲ್ಲವಾ ಮಗಳೇ?"

ನಾನು ಹೌದೆಂದು ತಲೆಯಾಡಿಸಿದೆ.

"ನಲವತ್ತು ವರ್ಷ ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವಳು ನಾನು. ಇದು ಯಾರ ಕೈ ಅಂತ ಕೇಳಬೇಕಾ? ಗಂಡಸರು ಕೊಡುತ್ತಾರೆ, ಜೇಬಿಗೆ ಹಾಕುತ್ತಾರೆ. ಬಿಚ್ಚುವವರು ನಾವು."

ಮನೆಮನೆಯಲ್ಲೂ ಹೆಂಗಸರು ಬೀಡಿ ಕಟ್ಟುವ ಊರಿನಲ್ಲಿ ಇಬ್ಬರು ಬುದ್ಧಿವಂತರು ತಮ್ಮ ಗುಟ್ಟನ್ನು ಬೀಡಿಯ ಹಾಗೆ ಮಡಚಿ ಮನೆಮನೆಗೂ ಹಂಚಿದ್ದೆವು.

"ಎಲ್ಲ ಹೆಂಗಸರಿಗೂ ಗೊತ್ತುಂಟಾ?" ಎಂದು ರಹಿಮಾನಾಕ ಸಣ್ಣ ದನಿಯಲ್ಲಿ ಕೇಳಿದರು.

"ಏಳು ವರ್ಷದಿಂದ."

"ಯಾರೂ ಹೇಳಲಿಲ್ಲ."

"ಹೇಳಿದರೆ ನೀನು ಬರುವುದು ನಿಲ್ಲಿಸುತ್ತೀ. ನನ್ನ ಗಂಡ ಮೂರು ತಿಂಗಳು ಮಲಗಿದಾಗ ಹನ್ನೆರಡು ಶುಕ್ರವಾರ ಬಂದು ಕೂತೆ. ದೊಡ್ಡ ನೋಟಿನವರು ಒಂದು ಸಲ ಬಂದು ವಾಚು ನೋಡಿಕೊಂಡು ಹೋದರು."

ಒಳಗಿನಿಂದ ರಹಿಮಾನಾಕನ ಹೆಂಡತಿ ನಬೀಸಾ ಬಾಗಿಲಿಗೆ ಬಂದು ನಿಂತರು. "ಹಾಗಾದರೆ ಮಕ್ಕಳ ವಿಷಯ..." ಎಂದು ಅರ್ಧಕ್ಕೆ ನಿಲ್ಲಿಸಿದರು.

"ಅದಕ್ಕೇ ಬಂದದ್ದು. ನಿನ್ನೆ ಆ ಐವತ್ತು ನೋಡಿ ನನಗೆ ಎದೆ ಹೊಡೆದುಕೊಂಡಿತು. ನನ್ನ ಮಗ ದಮಾಮಿನಿಂದ ಬಂದರೆ ಕಂಡವರಿಗೆಲ್ಲ ವಾಚು, ಅತ್ತರು. ಮೊಮ್ಮಗ ದಿನಕ್ಕೆ ನಾಲ್ಕು ಸಲ ಈ ರಸ್ತೆಯಲ್ಲಿ ಸುಮ್ಮನೆ ಬೈಕು ಓಡಿಸುತ್ತಾನೆ, ಪೆಟ್ರೋಲೇನು ಬಾವಿಯ ನೀರಾ? ಆ ಮನೆಗೆ ಇನ್ನೊಂದು ಬಿಚ್ಚಿದ ಕೈ ಬಂದರೆ ನಾನು ಈ ಪ್ರಾಯದಲ್ಲಿ ಪುನಃ ಬೀಡಿಗೆ ಕೂರಬೇಕು. ಎರಡು ರೂಪಾಯಿಯನ್ನು ಎಂಟು ಮಡಿಕೆ ಮಾಡುವ ಮನೆಯ ಹುಡುಗಿ ಅಂತ ಈ ಸಂಬಂಧ ಹುಡುಕಿದವಳು ನಾನು. ಸಲಾಂನ ಹತ್ತಿರ ಮಾತ್ರ ಧಾರಾಳಿಯ ಮಗಳು ಅಂತ ಹೇಳಿದೆ. ಇಲ್ಲದಿದ್ದರೆ ಅವನು ಒಪ್ಪುವುದಿಲ್ಲ."

ರಹಿಮಾನಾಕ ಕಣ್ಣು ಕಣ್ಣು ಬಿಟ್ಟರು.

"ಅವನ ಮಟ್ಟಿಗೆ ನೀನು ಧಾರಾಳಿಯಾಗಿಯೇ ಇರು. ನನ್ನ ಮಟ್ಟಿಗೆ ಇದ್ದ ಹಾಗೆ ಇರು. ಈ ಐವತ್ತು ಒಳಗಿಡು, ಇನ್ನೊಮ್ಮೆ ಹೀಗೆ ಮಾಡಬೇಡ."

ಮರ್ಯಾದೆಗೆ ರಹಿಮಾನಾಕ "ಇರಲಿ, ಇರಲಿ" ಎಂದರು. ಅವರು ಎರಡನೆಯ "ಇರಲಿ" ಹೇಳುವಷ್ಟರಲ್ಲಿ ನಬೀಸಾ ಬಂದು ನೋಟು ತೆಗೆದುಕೊಂಡು ಹೋಗಿದ್ದರು.

ಫಾಯಿಝಾ ಚಹಾ ತಂದಳು. ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿದವಳಾದರೂ ಏನೂ ಕೇಳದವಳ ಮುಖ. ಬೀಪಾತುಮ್ಮ ಒಂದು ಗುಟುಕು ಕುಡಿದು ಅವಳನ್ನು ಮೇಲಿನಿಂದ ಕೆಳಗೆ ನೋಡಿದರು.

"ಸಕ್ಕರೆ ಎಷ್ಟು ಹಾಕಿದೆ ಮಗಳೇ?"

"ಅರ್ಧ ಚಮಚ," ಎಂದಳು ಫಾಯಿಝಾ, ಮುಖವನ್ನು ಸ್ವಲ್ಪ ಹಲಸಿನ ಮರದ ಕಡೆಗೆ ತಿರುಗಿಸಿ.

ನಾನು ನಿಂತಿದ್ದ ಕಂಬದ ಬಳಿಯಿಂದ ಅಡುಗೆಮನೆ ನೇರ ಕಾಣುತ್ತದೆ. ಅವಳು ಮೂರು ಚಮಚ ತುಂಬಿ ತುಂಬಿ ಹಾಕಿದ್ದಳು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬೀಪಾತುಮ್ಮ ಲೋಟವನ್ನು ಓರೆ ಮಾಡಿ ಕೊನೆಯ ಹನಿಯನ್ನೂ ಕುಡಿದರು. ತುಟಿ ಒರೆಸಿಕೊಂಡರು.

"ಅರ್ಧ ಚಮಚದಲ್ಲಿ ಇಷ್ಟು ಸಿಹಿ ಮಾಡುವವಳನ್ನು ಬೇರೆ ಮನೆಗೆ ಬಿಡಲಿಕ್ಕುಂಟಾ?" ಎಂದರು. "ಮುಂದಿನ ತಿಂಗಳೇ ನಿಶ್ಚಯ ಮಾಡುವ."